ಟೈಟಲ್ ಬೇಡದ ಗಾಡಿಗಳು: ನಾನು ಎಡವಿದ ಜಾಗ

ಅಮೆರಿಕದ ಬಾರ್ ಪರೀಕ್ಷೆಗೆ, ಅಂದರೆ ವಕೀಲರಾಗಲು ಬರೆಯುವ ಪರೀಕ್ಷೆಗೆ, ಓದುವಾಗ ಒಂದು ವಿಷಯ ನನ್ನನ್ನು ಮೂರು ದಿನ ಸತಾಯಿಸಿತು: ಯಾವ ಗಾಡಿಗೆ ಟೈಟಲ್ ಅನ್ನುವ ಒಡೆತನದ ಪತ್ರ ಬೇಡ, ಆಗ ಸಾಲ ಕೊಟ್ಟವರ ಹಕ್ಕು ಎಲ್ಲಿ ದಾಖಲಾಗುತ್ತದೆ? ತಲೆಯಲ್ಲಿ ನಮ್ಮೂರಿನ ಆರ್‌ಸಿ ಕೂತಿದ್ದೇ ಕಾರಣ. ನಮ್ಮಲ್ಲಿ ಗಾಡಿ ಯಾರದ್ದು ಅಂತ ಆರ್‌ಸಿ ನೋಡಿ ಹೇಳುತ್ತೇವೆ. ಬ್ಯಾಂಕ್ ಸಾಲ ಇದ್ದರೆ ಎಚ್‌ಪಿ ಎಂಟ್ರಿ, ಅಂದರೆ ಗಾಡಿ ಸಾಲಕ್ಕೆ ಆಧಾರವಾಗಿದೆ ಅನ್ನುವ ನಮೂದು, ಕೂಡ ಅದರಲ್ಲೇ. ಸಾಲ ತೀರಿದ ಮೇಲೆ ಫಾರಂ 35 ಕೊಟ್ಟು ತೆಗೆಸುತ್ತೇವೆ.

ಅಲ್ಲಿ ಕಾಗದ ಎರಡು. ರಿಜಿಸ್ಟ್ರೇಷನ್ ಇರುವುದು ಗಾಡಿಯನ್ನು ರಸ್ತೆಗೆ ಇಳಿಸಲು. ಟೈಟಲ್ ಒಡೆತನದ ಪತ್ರ, ಸಾಲ ಕೊಟ್ಟವರ ಹೆಸರು ಬರುವುದೂ ಅದರ ಮೇಲೆ. ಆದ್ದರಿಂದ ಟೈಟಲ್ ಬೇಡ ಅಂದ ಮಾತ್ರಕ್ಕೆ ರಿಜಿಸ್ಟ್ರೇಷನ್ ಬೇಡ ಅಂತಲ್ಲ. ನ್ಯೂಯಾರ್ಕಿನಲ್ಲಿ ಖಾಲಿ ತೂಕ 1,000 ಪೌಂಡ್‌ಗಿಂತ, ಅಂದರೆ ಸುಮಾರು 450 ಕೆಜಿಗಿಂತ, ಕಡಿಮೆ ಇರುವ ಟ್ರೇಲರ್‌ಗೆ ಟೈಟಲ್ ಇಲ್ಲ. ರಸ್ತೆಯಲ್ಲಿ ಎಳೆದುಕೊಂಡು ಹೋಗಲು ರಿಜಿಸ್ಟ್ರೇಷನ್ ಮಾತ್ರ ಬೇಕೇ ಬೇಕು. 1972 ಮತ್ತು ಅದಕ್ಕೂ ಹಳೆಯ ಮಾಡೆಲ್ ಕಾರಿಗೂ ಅಲ್ಲಿ ಟೈಟಲ್ ಕೊಡುವುದಿಲ್ಲ. ಮಾರುವಾಗ ರಿಜಿಸ್ಟ್ರೇಷನ್ ಕಾಗದಕ್ಕೇ ಸಹಿ ಹಾಕಿ ಕೊಡುತ್ತಾರೆ. ಹೆಚ್ಚುಕಮ್ಮಿ ನಮ್ಮ ಆರ್‌ಸಿ ತರಹವೇ, ಅಲ್ವಾ?

ವಯಸ್ಸಿನ ಲೆಕ್ಕ ರಾಜ್ಯಕ್ಕೊಂದು. ಜಾರ್ಜಿಯಾದಲ್ಲಿ 1985 ಮತ್ತು ಹಿಂದಿನ ಮಾಡೆಲ್‌ಗಳಿಗೆ ವಿನಾಯಿತಿ. ಕನೆಕ್ಟಿಕಟ್‌ನಲ್ಲಿ 20 ವರ್ಷ ದಾಟಿರಬೇಕು, ಅಲಬಾಮಾದಲ್ಲಿ 35. ಪೆನ್ಸಿಲ್ವೇನಿಯಾದ ಪಟ್ಟಿಯಲ್ಲಿ ಮನುಷ್ಯರೋ ಪ್ರಾಣಿಯೋ ಎಳೆಯುವ ಗಾಡಿಯೂ ಇದೆ. ಕಾರು ಇಟ್ಟುಕೊಳ್ಳದ ಆಮಿಶ್ ಅನ್ನುವ ಕ್ರೈಸ್ತ ಪಂಗಡದವರ ಕುದುರೆಗಾಡಿ ಕಣ್ಣ ಮುಂದೆ ತಂದುಕೊಂಡರೆ ಮರೆಯುವುದಿಲ್ಲ. ಉಳಿದ ರಾಜ್ಯಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ.

ನಾನು ಮುಗ್ಗರಿಸಿದ್ದು ಈ ಪ್ರಶ್ನೆಯಲ್ಲಿ. ಡೀಲರ್ ಅಂಗಳದಲ್ಲಿ 50 ಹೊಸ ಕಾರು ಮಾರಾಟಕ್ಕೆ ನಿಂತಿವೆ. ಅವುಗಳ ಮೇಲೆ ಬ್ಯಾಂಕ್ ಸಾಲ ಕೊಟ್ಟಿದೆ. ಸಾಲ ತೀರದಿದ್ದರೆ ಕಾರನ್ನು ಹಿಡಿದುಕೊಳ್ಳುವ ತನ್ನ ಹಕ್ಕನ್ನು ಬ್ಯಾಂಕ್ ಎಲ್ಲಿ ದಾಖಲಿಸಬೇಕು? ಕಾರು ಅಂದರೆ ಟೈಟಲ್, ಟೈಟಲ್ ಮೇಲೆ ಅಂತ ಬರೆದೆ. ತಪ್ಪು. ಇನ್ನೊಮ್ಮೆ ಅದನ್ನೇ ಬರೆದೆ, ಮತ್ತೆ ತಪ್ಪು.

ಯುಸಿಸಿ ಅಂದರೆ ಅಮೆರಿಕದ ರಾಜ್ಯಗಳು ಅಳವಡಿಸಿಕೊಂಡ ಏಕರೂಪ ವಾಣಿಜ್ಯ ಸಂಹಿತೆ. ಅದರ 9-311(ಡಿ) ಹೇಳುವುದು ಇಷ್ಟು: ಕಾರು, ಅಂಥ ಸಾಮಾನು ಮಾರುವುದೇ ಕಸುಬಾಗಿರುವವನ ಬಳಿ ಮಾರಾಟಕ್ಕೋ ಬಾಡಿಗೆಗೋ ಇಟ್ಟ ದಾಸ್ತಾನಾಗಿರುವಷ್ಟು ಕಾಲ, ಟೈಟಲ್ ಮೇಲೆ ದಾಖಲಿಸುವ ನಿಯಮ ಅನ್ವಯಿಸುವುದಿಲ್ಲ. ಬ್ಯಾಂಕ್ ಯುಸಿಸಿ-1, ಅಂದರೆ ತನ್ನ ಹಕ್ಕನ್ನು ಸಾರ್ವಜನಿಕ ದಾಖಲೆಗೆ ಸೇರಿಸುವ ಫಾರಂ, ಫೈಲ್ ಮಾಡಬೇಕು. ನಾಳೆ ಅದೇ ಕಾರನ್ನು ಒಬ್ಬಾಕೆ ಮನೆ ಬಳಕೆಗೆ ಸಾಲದಲ್ಲಿ ಕೊಂಡರೆ? ಆಗ ಆಕೆಯ ಬ್ಯಾಂಕಿನ ಹೆಸರು ಟೈಟಲ್ ಮೇಲೆ ಬರಬೇಕು. ಎಂಜಿನ್ ಬದಲಾಗಿಲ್ಲ, ಬಣ್ಣ ಬದಲಾಗಿಲ್ಲ. ಕಾರು ದಾಸ್ತಾನಾಗಿ ಉಳಿದಿಲ್ಲ, ಅಷ್ಟೇ. ವಿನಾಯಿತಿ ಅಂದರೆ ಗಾಡಿಗೆ ಅಂಟಿಕೊಂಡ ಗುಣ ಅಂತ ನಾನು ತಿಳಿದಿದ್ದೆ. ಹಳೇ ಕಾರು, ಪುಟ್ಟ ಟ್ರೇಲರ್‌ಗೆ ಅದು ಸರಿ. ಇಲ್ಲಿ ಹಾಗಲ್ಲ.

ಆದ್ದರಿಂದ ನನ್ನ ಸುಲಭದ ದಾರಿ: ಗಾಡಿಯನ್ನು ನೋಡುವ ಮೊದಲು ಅದು ಯಾರ ಕೈಯಲ್ಲಿ, ಯಾತಕ್ಕೆ ಇದೆ ಅಂತ ಕೇಳಿ. ಇದು ಗೊತ್ತಾದ ಮೇಲೂ ಇನ್ನೊಂದು ಗುಂಡಿಗೆ ಬಿದ್ದೆ. ಬರೀ ಬಾಡಿಗೆಗೆ ಕಾರು ಕೊಡುವ, ಮಾರದ ಕಂಪನಿ ಇದ್ದರೆ? ಅದರ ಕಾರುಗಳೂ ದಾಸ್ತಾನೇ. ಆದರೆ ಮಾರುವುದು ಅದರ ಕಸುಬಲ್ಲ. ಹಾಗಾಗಿ ಮತ್ತೆ ಟೈಟಲ್ಲೇ. ‘ಮಾರುವ ಕಸುಬು’ ಅನ್ನುವ ಎರಡು ಪದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.

ಕೊನೆಗೆ ಆ ಪುಟ್ಟ ಟ್ರೇಲರ್. ಟೈಟಲ್ ಇಲ್ಲ ಅಂದಮೇಲೆ ಯುಸಿಸಿ-1 ಬೇಕಾ? ಮನೆ ಬಳಕೆಗೆ ಕೊಂಡದ್ದು, ಸಾಲ ಕೊಟ್ಟದ್ದು ಅದನ್ನು ಕೊಳ್ಳಲಿಕ್ಕೇ ಅಂತಾದರೆ 9-309 ಪ್ರಕಾರ ಬೇಡ. ಹಕ್ಕು ತಾನಾಗಿಯೇ ಊರ್ಜಿತವಾಗುತ್ತದೆ. ಆದರೆ ಫೈಲ್ ಮಾಡದೆ ಕೂತಿರುವಾಗ ಕೊಂಡವನು ಅದನ್ನು ಪಕ್ಕದ ಮನೆಯವರಿಗೆ ಮಾರಿಬಿಟ್ಟ ಅನ್ನಿ. ಅವರಿಗೆ ಸಾಲದ ವಿಷಯ ಗೊತ್ತಿಲ್ಲ, ದುಡ್ಡು ಕೊಟ್ಟಿದ್ದಾರೆ, ಅವರದ್ದೂ ಮನೆ ಬಳಕೆಯೇ. 9-320(ಬಿ) ಪ್ರಕಾರ ಟ್ರೇಲರ್ ಅವರದ್ದು, ಸಾಲ ಕೊಟ್ಟವರ ಹಕ್ಕು ಅದರ ಮೇಲೆ ನಡೆಯುವುದಿಲ್ಲ.