ಬೈಕಿನ ಫಿನ್‌ಗೂ ನಮ್ಮ ಮುಂಗೈಗೂ ಒಂದೇ ಸಮೀಕರಣ

ಮೆಕ್ಯಾನಿಕಲ್ ಓದುವವರು ಹೀಟ್ ಟ್ರಾನ್ಸ್‌ಫರ್ ಪೇಪರಿಗೆ ಫಿನ್, ಅಂದರೆ ಶಾಖ ಹೊರಹಾಕುವ ತೆಳು ಪಟ್ಟಿಯ ಲೆಕ್ಕ ಮಾಡುತ್ತಾರೆ. ಬಯೋಮೆಡಿಕಲ್ ಓದುವವರು ದೇಹದೊಳಗಿನ ಶಾಖದ ಲೆಕ್ಕಕ್ಕೆ ಬಯೋಹೀಟ್ ಸಮೀಕರಣ ಕಲಿಯುತ್ತಾರೆ. ಎರಡನ್ನೂ ಬೇರೆ ಬೇರೆ ಅಧ್ಯಾಯ ಅಂತ ಉರು ಹೊಡೆದರೆ ಕಷ್ಟ ಜಾಸ್ತಿ. ಪಕ್ಕ ಪಕ್ಕ ಇಟ್ಟು ನೋಡಿ, ಎರಡರ ಗಣಿತವೂ ಒಂದೇ. ಇದು ಒಮ್ಮೆ ಹೊಳೆದರೆ ಉಳಿದದ್ದು ತುಂಬಾ ಹಗುರವಾಗುತ್ತದೆ.

ಮೊದಲು ಬುಡದ ಮಾತು. ಶಾಖ ಬಿಸಿಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ತಾಪಮಾನದ ಇಳಿಜಾರು ಕಡಿದಾದಷ್ಟೂ, ವಸ್ತುವಿನ ಉಷ್ಣವಾಹಕತೆ ಹೆಚ್ಚಿದಷ್ಟೂ ಹರಿವು ಹೆಚ್ಚು. ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಗಣಿತವಾಗಿ ಕಟ್ಟಿಕೊಟ್ಟರು. ಇದಕ್ಕೆ ಜಮಾ-ಖರ್ಚಿನ ಲೆಕ್ಕ ಸೇರಿಸಿ. ಒಂದು ಚಿಕ್ಕ ತುಂಡಿಗೆ ಬಂದ ಶಾಖ, ಅದರಿಂದ ಹೋದ ಶಾಖ, ಒಳಗೇ ಹುಟ್ಟಿದ ಶಾಖ, ಮೂರೂ ತಾಳೆಯಾಗಬೇಕು. ತಾಳೆಯಾಗದೆ ಉಳಿದದ್ದು ತಾಪಮಾನದ ಏರಿಕೆ ಅಥವಾ ಇಳಿಕೆಯಾಗಿ ಕಾಣುತ್ತದೆ. ಇಲ್ಲಿ ನಾವು ಸ್ಥಿರ ಸ್ಥಿತಿಯನ್ನು, ಅಂದರೆ ಹೊತ್ತು ಹೋದಂತೆ ತಾಪಮಾನ ಬದಲಾಗದ ಸ್ಥಿತಿಯನ್ನು ಮಾತ್ರ ನೋಡೋಣ.

ಈಗ ಫಿನ್. ಗಾಳಿಯಿಂದ ತಣ್ಣಗಾಗುವ ಬೈಕ್ ಎಂಜಿನ್ ಸುತ್ತ ತೆಳು ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ, ಅಲ್ವಾ? ಬುಡದಿಂದ ತುದಿಗೆ ಶಾಖ ಹರಿಯುತ್ತಾ ಹೋದಂತೆ, ದಾರಿಯುದ್ದಕ್ಕೂ ಗಾಳಿ ಸ್ವಲ್ಪ ಸ್ವಲ್ಪ ಕಸಿದುಕೊಳ್ಳುತ್ತದೆ. ಕಸಿಯುವ ಪ್ರಮಾಣ ಆ ಜಾಗದಲ್ಲಿ ಲೋಹಕ್ಕೂ ಗಾಳಿಗೂ ಇರುವ ತಾಪಮಾನದ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಹೀಗಾಗಿ ಆ ವ್ಯತ್ಯಾಸ ದೂರ ಹೋದಂತೆ ಕುಗ್ಗುತ್ತದೆ. ಎಷ್ಟು ದೂರದಲ್ಲಿ ಎಷ್ಟು ಕುಗ್ಗುತ್ತದೆ ಎಂದು ಹೇಳುವ ಒಂದು ಅಳತೆ ಇದೆ. ಅದನ್ನು ಇಲ್ಲಿ ಸುಮ್ನೆ ‘ತಗ್ಗುವ ಉದ್ದ’ ಅನ್ನೋಣ. ವಾಹಕತೆಯನ್ನು ದಪ್ಪದಿಂದ ಗುಣಿಸಿ, ಗಾಳಿಯ ಶಾಖ ವರ್ಗಾವಣೆ ಗುಣಾಂಕದ (ಗಾಳಿ ಎಷ್ಟು ಚುರುಕಾಗಿ ಶಾಖ ಕಸಿಯುತ್ತದೆ ಎಂಬ ಅಳತೆ) ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಅದು ಸಿಗುತ್ತದೆ.

ಲೆಕ್ಕ ಹಾಕೋಣ. ಅಲ್ಯೂಮಿನಿಯಂ ಮಿಶ್ರಲೋಹದ ವಾಹಕತೆ ಮೀಟರಿಗೆ, ಡಿಗ್ರಿಗೆ 200 ವ್ಯಾಟ್ ಅಂದುಕೊಳ್ಳಿ. ದಪ್ಪ 2 ಮಿ.ಮೀ., ಗಾಳಿಯ ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ 25 ವ್ಯಾಟ್. ತಗ್ಗುವ ಉದ್ದ ಸುಮಾರು 9 ಸೆಂ.ಮೀ. ಬರುತ್ತದೆ. ಫಿನ್ 3 ಸೆಂ.ಮೀ. ಉದ್ದ, ಬುಡ 100 ಡಿಗ್ರಿ, ಗಾಳಿ 30 ಡಿಗ್ರಿ ಇದ್ದರೆ ತುದಿ ಸುಮಾರು 96 ಡಿಗ್ರಿ ಇರುತ್ತದೆ. ತುದಿಯ ಅಂಚಿನಿಂದ ಶಾಖ ಹೋಗುವುದಿಲ್ಲ ಎಂದು ಹಿಡಿದ ಲೆಕ್ಕ ಇದು. ಅಂದರೆ ಇಡೀ ಫಿನ್ ಕೆಲಸ ಮಾಡುತ್ತಿದೆ. ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಫಿನ್ ಮಾಡಿದರೆ? ವಾಹಕತೆ ಸುಮಾರು 15 ಮಾತ್ರ. ತುದಿ 68 ಡಿಗ್ರಿಗೆ ಇಳಿಯುತ್ತದೆ. ತುದಿ ತಣ್ಣಗಿದೆ ಎಂದು ಖುಷಿಪಡಬೇಡಿ, ಆ ಭಾಗ ಗಾಳಿಗೆ ಕೊಡುತ್ತಿರುವ ಶಾಖ ಕಡಿಮೆ ಅಂತ ಅದರ ಅರ್ಥ. ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಇಲ್ಲೇ.

ಇನ್ನು ದೇಹಕ್ಕೆ ಬನ್ನಿ. 1948ರಲ್ಲಿ ಅಮೆರಿಕದ ಹ್ಯಾರಿ ಪೆನ್ನಿಸ್ ಮನುಷ್ಯರ ಮುಂಗೈಯೊಳಗೆ ಅಡ್ಡಡ್ಡವಾಗಿ ಸಣ್ಣ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಎಳೆದು, ಚರ್ಮದಿಂದ ಒಳಗಿನವರೆಗೆ ತಾಪಮಾನ ಅಳೆದರು. ಜೊತೆಗೆ ಒಂದು ಸಮೀಕರಣವನ್ನೂ ಕೊಟ್ಟರು. ಅದರಲ್ಲಿ ಫೂರಿಯೆಯ ವಹನ (ಬಿಸಿಯಿಂದ ತಣ್ಣನೆಯ ಕಡೆಗಿನ ಹರಿವು) ಇದೆ, ಜೀವಕೋಶಗಳಲ್ಲಿ ಹುಟ್ಟುವ ಶಾಖ ಇದೆ. ಮೂರನೆಯದು ರಕ್ತ. ಪ್ರತಿ ಜಾಗದಲ್ಲೂ ರಕ್ತ ತರುವ ಶಾಖ, ರಕ್ತಕ್ಕೂ ಅಂಗಾಂಶಕ್ಕೂ ಇರುವ ತಾಪಮಾನದ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಫಿನ್‌ನಲ್ಲಿ ಗಾಳಿ ಇದ್ದ ಜಾಗಕ್ಕೆ ಇಲ್ಲಿ ರಕ್ತ ಬಂದು ಕೂತಿದೆ! ಗಾಳಿ ಕಸಿಯುತ್ತಿತ್ತು, ರಕ್ತ ತಂದು ಸುರಿಯುತ್ತದೆ. ಚಿಹ್ನೆ ಬದಲಾದರೂ ರೂಪ ಬದಲಾಗಿಲ್ಲ.

ಇಲ್ಲೂ ತಗ್ಗುವ ಉದ್ದ ತೆಗೆಯಬಹುದು. ವಿಶ್ರಾಂತಿಯಲ್ಲಿರುವ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಸುಮಾರು 3 ಮಿ.ಲೀ. ರಕ್ತ ಹರಿಯುತ್ತದೆ. ಸ್ನಾಯುವಿನ ವಾಹಕತೆ ಸುಮಾರು 0.5. ರಕ್ತದ ಸಾಂದ್ರತೆ, ವಿಶಿಷ್ಟ ಶಾಖ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 1.6 ಸೆಂ.ಮೀ. ಬರುತ್ತದೆ. ರಕ್ತ 37 ಡಿಗ್ರಿ, ಚರ್ಮ 33 ಡಿಗ್ರಿ ಎಂದರೆ ಮೇಲೆ 4 ಡಿಗ್ರಿ ಕೊರತೆ. ಒಂದೊಂದು ತಗ್ಗುವ ಉದ್ದ ಒಳಗೆ ಹೋದಂತೆ ಕೊರತೆ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚಿನಷ್ಟಕ್ಕೆ ಇಳಿಯುತ್ತದೆ. 1.6 ಸೆಂ.ಮೀ. ಒಳಗೆ ಕೊರತೆ ಸುಮಾರು 1.5 ಡಿಗ್ರಿ, 3.2 ಸೆಂ.ಮೀ. ಒಳಗೆ ಅರ್ಧ ಡಿಗ್ರಿ. ಜೀವಕೋಶಗಳ ಸ್ವಂತ ಶಾಖವನ್ನು ಇಲ್ಲಿ ಬಿಟ್ಟಿದ್ದೇನೆ. ವಿಶ್ರಾಂತಿಯಲ್ಲಿ ಅದರಿಂದ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಗದು.

ಗಣಿತ ಒಂದೇ ಆದರೂ ದೇಹದಲ್ಲಿ ಒಂದು ದೊಡ್ಡ ತೊಡಕಿದೆ. ಚಳಿಯಾದರೆ ಚರ್ಮದ ರಕ್ತನಾಳ ಕುಗ್ಗುತ್ತವೆ, ಸೆಕೆಯಾದರೆ ಹಿಗ್ಗುತ್ತವೆ. ಅಂದರೆ ರಕ್ತದ ಹರಿವು ಎನ್ನುವ ಗುಣಾಂಕವೇ ತಾಪಮಾನದ ಜೊತೆ ಬದಲಾಗುತ್ತದೆ. ಐಸ್ ಪ್ಯಾಕ್ ಇಟ್ಟಾಗ ಹರಿವು ತಗ್ಗಿ, ತಗ್ಗುವ ಉದ್ದ ಬೆಳೆದು, ತಂಪು ಇನ್ನೂ ಒಳಗೆ ಇಳಿಯುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಪೆನ್ನಿಸ್ ಸಮೀಕರಣಕ್ಕೆ ತಕರಾರೂ ಬಂದಿದೆ. ರಕ್ತ ಲೋಮನಾಳದವರೆಗೆ ಅಪಧಮನಿಯ ತಾಪಮಾನದಲ್ಲೇ ಬರುತ್ತದೆ ಎಂದು ಅವರು ಹಿಡಿದಿದ್ದರು. ಆದರೆ ಅದಕ್ಕಿಂತ ದೊಡ್ಡ ನಾಳಗಳಲ್ಲೇ ರಕ್ತ ಬಹಳಷ್ಟು ಶಾಖ ಬಿಟ್ಟುಕೊಡುತ್ತದೆ, ಜೋಡಿಯಾಗಿ ಸಾಗುವ ಅಪಧಮನಿ-ಅಭಿಧಮನಿ ನಡುವೆಯೂ ಶಾಖ ಕೈ ಬದಲಾಗುತ್ತದೆ. ಇದನ್ನು ಸೇರಿಸಿ 1985ರಲ್ಲಿ ವೈನ್‌ಬಾಮ್ ಮತ್ತು ಜಿಜಿ ಎಂಬ ಸಂಶೋಧಕರು ಬೇರೆ ಸಮೀಕರಣ ಕೊಟ್ಟರು. 1998ರಲ್ಲಿ ವಿಸ್ಲರ್ ಎಂಬ ಸಂಶೋಧಕರು ಪೆನ್ನಿಸ್ ಅವರ ಹಳೆಯ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿ, ಅದು ಪೆನ್ನಿಸ್ ಮಾದರಿಗೆ ಚೆನ್ನಾಗಿಯೇ ಹೊಂದುತ್ತದೆ ಎಂದು ತೋರಿಸಿದರು. ಸರಳ ಅನ್ನುವ ಕಾರಣಕ್ಕೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಪೆನ್ನಿಸ್ ಸಮೀಕರಣವೇ.

ದೊಡ್ಡ ನಾಳದ ಪಾತ್ರ ಆಸ್ಪತ್ರೆಯಲ್ಲಿ ನಿಜಕ್ಕೂ ಮುಖ್ಯ. ಲಿವರ್ ಗೆಡ್ಡೆಯನ್ನು ರೇಡಿಯೋ ಫ್ರೀಕ್ವೆನ್ಸಿ ಸೂಜಿಯಿಂದ ಸುಡುವಾಗ, ಪಕ್ಕದ ದಪ್ಪ ರಕ್ತನಾಳ ಶಾಖ ಎಳೆದುಕೊಂಡು ಹೋಗಿಬಿಡುತ್ತದೆ. ಆ ಅಂಚಿನ ಕೋಶಗಳು ಬದುಕಿ ಉಳಿಯಬಹುದು. ಅದಕ್ಕೇ ಚಿಕಿತ್ಸೆಗೆ ಮುಂಚೆ ಲೆಕ್ಕ ಬೇಕು.

ತಾಪಮಾನವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾದ ಮಿತಿಯೂ ಇದೇ ತಗ್ಗುವ ಉದ್ದದಿಂದ ಗೊತ್ತಾಗುತ್ತದೆ. ಬೆಂಗಳೂರಿನ ನಿರಾಮೈ ಕಂಪನಿ ಸ್ತನ ಕ್ಯಾನ್ಸರ್ ತಪಾಸಣೆಗೆ ಇಂಥ ಚಿತ್ರಗಳನ್ನು ಬಳಸುತ್ತದೆ. ಆದರೆ ಕ್ಯಾಮೆರಾ ನೋಡುವುದು ಚರ್ಮವನ್ನು ಮಾತ್ರ. ಆಳದ ಬಿಸಿಯ ಗುರುತು ಮೇಲೆ ಬರುವಷ್ಟರಲ್ಲಿ ಮಾಸಿರುತ್ತದೆ. ಥರ್ಮೋಗ್ರಫಿ (ಇಂಥ ತಾಪಮಾನದ ಚಿತ್ರ) ಮ್ಯಾಮೊಗ್ರಾಮ್‌ಗೆ (ಸ್ತನದ ಎಕ್ಸ್-ರೇ) ಬದಲಿ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿರುವುದನ್ನು ನೆನಪಿಡಿ.

ಕೊನೆಗೆ ಎಕ್ಸೆಲ್‌ನಲ್ಲಿ ಮಾಡಿ ನೋಡಿ. ಚರ್ಮದಿಂದ ಒಳಗೆ 0.4 ಸೆಂ.ಮೀ.ಗೊಂದು ಬಿಂದು ಇಡಿ. ಚರ್ಮದ ಬಿಂದು 33ಕ್ಕೆ, 8 ಸೆಂ.ಮೀ. ಆಳದ ಕೊನೆಯ ಬಿಂದು 37ಕ್ಕೆ ಕಟ್ಟಿಹಾಕಿ. ನಡುವಿನ ಪ್ರತಿ ಬಿಂದುವಿಗೂ ಸೂತ್ರ ಇದು: ಎರಡು ಪಕ್ಕದ ತಾಪಮಾನ ಕೂಡಿ, 37ರ ಹದಿನಾರನೇ ಒಂದು ಭಾಗ ಸೇರಿಸಿ, ಒಟ್ಟನ್ನು 2.0625ರಿಂದ ಭಾಗಿಸಿ. ಅಂಕಿ ಬದಲಾಗದೆ ನಿಲ್ಲುವವರೆಗೆ ಮತ್ತೆ ಮತ್ತೆ ಓಡಿಸಿ. ಆಮೇಲೆ ರಕ್ತದ ಹರಿವನ್ನು 10 ಪಟ್ಟು ಮಾಡಿ: ಹದಿನಾರನೇ ಒಂದರ ಬದಲು 0.625, ಭಾಜಕ 2.625. ತಗ್ಗುವ ಉದ್ದ ಅರ್ಧ ಸೆಂ.ಮೀ.ಗೆ ಇಳಿದಿರಬೇಕು.