ಹೆಂಗಸರಿಗೆ ಹಾರ್ಟ್ ಪ್ರಾಬ್ಲಂ ಬರಲ್ವಾ?

ಪ್ರಶ್ನೆ: ಅಮ್ಮನಿಗೆ 52 ವರ್ಷ, ಶುಗರ್ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಬೆನ್ನಿನ ಮೇಲ್ಭಾಗದಲ್ಲಿ ನೋವು. ಹೆಂಗಸರಿಗೆ ಹಾರ್ಟ್ ಪ್ರಾಬ್ಲಂ ಬರಲ್ಲ, ಇದು ಗ್ಯಾಸ್ ಅಂತಾರೆ ಮನೆಯಲ್ಲಿ. ನಿಜವೇ?

ಉತ್ತರ: ನಿಜವಲ್ಲ. ಈ ವಾರವೇ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಇಸಿಜಿ ನಾರ್ಮಲ್ ಬಂದರೂ ಅಲ್ಲಿಗೇ ಬಿಡಬೇಡಿ. ಸುಮ್ನೆ ಮಲಗಿರುವಾಗ ತೆಗೆದ ಇಸಿಜಿಯಲ್ಲಿ ಎಷ್ಟೋ ಬ್ಲಾಕ್‌ಗಳು ಕಾಣುವುದಿಲ್ಲ. ಮುಂದೆ ಯಾವ ಟೆಸ್ಟ್ ಬೇಕು ಅಂತ ಕೇಳಿ.

ಈ "ಹೆಂಗಸರಿಗೆ ಬರಲ್ಲ" ಅನ್ನುವುದಕ್ಕೆ ಎಷ್ಟು ಸಲ ಉತ್ತರ ಬರೆದರೂ ಅದು ಹೋಗುತ್ತಿಲ್ಲ. ಅದರಲ್ಲಿ ಅರ್ಧ ಸತ್ಯ ಇರುವುದೇ ಕಾರಣ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೆಂಗಸರಿಗೆ ಮೊದಲ ಹಾರ್ಟ್ ಅಟ್ಯಾಕ್ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಆಗಿತ್ತು. ತಡವಾಗಿ ಅಷ್ಟೇ. ಜಗತ್ತಿನಲ್ಲಿ ಹೆಂಗಸರು ಅತಿ ಹೆಚ್ಚು ಸಾಯುತ್ತಿರುವುದು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಲೇ.

ಮುಟ್ಟು ನಿಲ್ಲುವ ತನಕ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ರಕ್ತನಾಳಗಳನ್ನು ಒಂದಷ್ಟು ಕಾಯುತ್ತದೆ. ನಿಂತ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ಕ್ಕೆ. ಶುಗರ್ ಇದ್ದರಂತೂ ಅದಕ್ಕೂ ಮೊದಲೇ ಆ ರಕ್ಷಣೆ ಬಹುಪಾಲು ಹೋಗಿರುತ್ತದೆ. ಶುಗರ್ ಮತ್ತು ಸಿಗರೇಟು ಎರಡೂ ಹೃದಯದ ಅಪಾಯವನ್ನು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಪಟ್ಟು ಏರಿಸುತ್ತವೆ. ಬಸುರಿಯಾಗಿದ್ದಾಗ ಬಿಪಿ ಅಥವಾ ಶುಗರ್ ಬಂದಿತ್ತಾ? ಡಾಕ್ಟರ್ ಕೇಳದಿದ್ದರೂ ಹೇಳಿ.

ಈಗ ಇನ್ನೊಂದು ತಪ್ಪು ಮಾತು ಹಬ್ಬಿದೆ, ಹೆಂಗಸರಿಗೆ ಎದೆನೋವೇ ಬರಲ್ಲ ಅಂತ. ಬರುತ್ತದೆ. ಹಾರ್ಟ್ ಅಟ್ಯಾಕ್ ಆದ ಹೆಂಗಸರಲ್ಲೂ ಜಾಸ್ತಿ ಕಾಣುವುದು ಎದೆನೋವೇ. ಅದರ ಜೊತೆಗೆ ಏದುಸಿರು, ವಾಕರಿಕೆ, ದವಡೆ ಅಥವಾ ಬೆನ್ನು ನೋವು, ವಿಪರೀತ ಸುಸ್ತು ಅವರಲ್ಲಿ ಹೆಚ್ಚು. ಅದಕ್ಕೇ ಗ್ಯಾಸ್ ಅಂತ ಓಮಿನ ನೀರು ಕುಡಿಸಿ ಮಲಗಿಸುತ್ತಾರೆ. ಕೂತಲ್ಲೇ ಎದೆ ಹಿಂಡಿದರೆ, ಬೆವರಿದರೆ 108ಕ್ಕೆ ಫೋನ್ ಮಾಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ 35–40ಕ್ಕೇ ಗರ್ಭಕೋಶ ತೆಗೆಸಿದವರು ಎಷ್ಟು ಜನ ಇದ್ದಾರೆ, ನೋಡಿದ್ದೀರಲ್ಲ. ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ, ಹೃದಯದ ಅಪಾಯ ಬೇಗ ಶುರುವಾಗುತ್ತದೆ. ಅಂಡಾಶಯ ಉಳಿಸಿದ್ದಾರಾ, ತೆಗೆದಿದ್ದಾರಾ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ನಿಮ್ಮಮ್ಮನಿಗೆ ಆ ಆಪರೇಷನ್ ಆಗಿದ್ದರೆ ಆ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ.