ಬೀಗ ಒಂದಲ್ಲ, ಎರಡು

ಮಾನಸಿಕ ಆಸ್ಪತ್ರೆಯ ಕತೆಯಿರುವ ಸಿನಿಮಾ ತೋರಿಸಿದರೆ ಸಂವಾದಕ್ಕೆ ಮನೋವೈದ್ಯನೊಬ್ಬನನ್ನು ಕೂರಿಸಬೇಕೆಂಬುದು ಫಿಲ್ಮ್ ಸೊಸೈಟಿಯವರ ಸಂಪ್ರದಾಯ. ಹೀಗಾಗಿ ಪೀಟರ್ ಬ್ರೂಕ್ ನಿರ್ದೇಶನದ, 1967ರ ‘ಮಾರಾ/ಸಾದ್’ ಚಿತ್ರವನ್ನು ನಾಲ್ಕು ಸಲ ನೋಡಿದ್ದೇನೆ. ನಾಲ್ಕು ಸಲವೂ ದೀಪ ಹತ್ತಿದ ಕೂಡಲೇ ಯಾರಾದರೊಬ್ಬರು ಎದ್ದು ಕೇಳಿದ್ದು ಒಂದೇ ಪ್ರಶ್ನೆ: ‘ಡಾಕ್ಟರೇ, ಹುಚ್ಚರೇ ಅಲ್ಲವೇ ನಿಜವಾದ ಸ್ವತಂತ್ರರು?’

ಅಲ್ಲ.

1808ರಲ್ಲಿ ಪ್ಯಾರಿಸ್ ಬಳಿಯ ಷಾರಂಟನ್ ಆಸ್ಪತ್ರೆಯಲ್ಲಿ ನಡೆಯುವ ಕತೆ ಇದು. ಅಲ್ಲಿ ಬಂಧಿಯಾಗಿರುವ ಲೇಖಕ ಮಾರ್ಕಿ ದ ಸಾದ್, ಫ್ರೆಂಚ್ ಕ್ರಾಂತಿಯ ನಾಯಕ ಮಾರಾ 1793ರಲ್ಲಿ ಸ್ನಾನದ ತೊಟ್ಟಿಯಲ್ಲೇ ಕೊಲೆಯಾದ ಪ್ರಸಂಗವನ್ನು ರೋಗಿಗಳಿಂದ ಆಡಿಸುತ್ತಾನೆ. ಈ ನಾಟಕ, ಚಿತ್ರಕ್ಕೆ ಮೂಲವಾದ ನಾಟಕ ಬರೆದ ಪೀಟರ್ ವೈಸ್ ಕಲ್ಪನೆ. ಆದರೆ ಸಾದ್ ಆ ಆಸ್ಪತ್ರೆಯಲ್ಲಿ ನಾಟಕ ಆಡಿಸುತ್ತಿದ್ದದ್ದು, ಪ್ಯಾರಿಸ್‌ನ ಗಣ್ಯರು ನೋಡಲು ಬರುತ್ತಿದ್ದದ್ದು ನಿಜ.

ಸಾದ್‌ನನ್ನೇ ತೆಗೆದುಕೊಳ್ಳಿ. ಬರೆದ ಪುಸ್ತಕಗಳಿಗಾಗಿ ವಿಚಾರಣೆಯೇ ಇಲ್ಲದೆ ಬಂಧನಕ್ಕೊಳಗಾದವನು, 1803ರಿಂದ 1814ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಇನ್ನೂರು ವರ್ಷಗಳಾಚೆಯಿಂದ ನಾಡಿ ಹಿಡಿಯುವುದು ನನ್ನ ಕಸುಬಿಗೆ ಶೋಭೆಯಲ್ಲ. ಆದರೂ ಅವನ ಬೀಗ ಇದ್ದದ್ದು ಕೋಣೆಯ ಬಾಗಿಲಿಗೆ ಎಂದಷ್ಟು ಹೇಳಬಹುದು. ಈಗ ಮಾರಾನನ್ನು ಕೊಲ್ಲುವ ಶಾರ್ಲೆಟ್ ಕೋರ್ಡೆಯ ಪಾತ್ರ ಮಾಡುವ ರೋಗಿಯನ್ನು ನೋಡಿ. ಗ್ಲೆಂಡಾ ಜಾಕ್ಸನ್ ಅಭಿನಯ. ಅವಳಿಗೆ ನಿದ್ರೆಯ ಕಾಯಿಲೆ, ಜೊತೆಗೆ ವಿಷಣ್ಣತೆ. ಕ್ರಾಂತಿಯ ಅತಿ ಪ್ರಸಿದ್ಧ ಕೊಲೆ ಮಾಡಬೇಕಾದವಳನ್ನು ಪಕ್ಕದವರು ತಟ್ಟಿ ಎಬ್ಬಿಸಬೇಕು. ಅವಳ ಇನ್ನೊಂದು ಬೀಗ ಒಳಗಿದೆ. ಆಸ್ಪತ್ರೆಯ ಬಾಗಿಲು ತೆರೆದ ಮಾತ್ರಕ್ಕೆ ಅದು ಬಿಚ್ಚುವುದಿಲ್ಲ.

ಮತ್ತೆ ಹೇಳುತ್ತೇನೆ, ಏಕೆಂದರೆ ಐದನೇ ಸಲವೂ ಯಾರಾದರೂ ಕೇಳುತ್ತಾರೆ. ಕೂಡಿಹಾಕಿರುವುದು ಬೇರೆ, ಕಾಯಿಲೆ ಬೇರೆ. ಒಬ್ಬರಿಗೆ ಎರಡೂ ಇರಬಹುದು, ಒಂದೇ ಇರಬಹುದು. ಮನೆಯವರು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದ ಹೆಂಗಸೊಬ್ಬರನ್ನು ನೋಡಲು ಹೋಗಿದ್ದೆ. ಚಿಲಕ ತೆಗೆಸಿದೆ. ಅವರು ಹೊಸಿಲ ತನಕ ಬಂದು ನಿಂತರು. ದಾಟಬೇಡ ಎಂದು ಕಿವಿಯಲ್ಲಿ ಯಾರೋ ಹೇಳುತ್ತಿದ್ದರಂತೆ. ಅವರು ಹೊಸಿಲು ದಾಟಿದ್ದು ಆರು ವಾರ ಔಷಧಿ ತೆಗೆದುಕೊಂಡ ಮೇಲೆ. ಇನ್ನೊಬ್ಬರು ಪೂರ್ತಿ ಗುಣವಾಗಿ, ವಾರ್ಡಿನ ಲೆಕ್ಕಪುಸ್ತಕವನ್ನೂ ತಾವೇ ಬರೆಯುತ್ತ, ಕರೆದೊಯ್ಯಲು ಅಣ್ಣ ಬಾರದೆ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದರು. ಮನೆಯವರು ಒಲ್ಲರು ಎಂಬ ಕಾರಣಕ್ಕಷ್ಟೇ ಯಾರನ್ನೂ ಹಾಗೆ ಇರಿಸಿಕೊಳ್ಳಕೂಡದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಕಾಯ್ದೆಯ ಪ್ರತಿಯನ್ನು ಅಣ್ಣನಿಗೆ ಅಂಚೆಯಲ್ಲಿ ಕಳಿಸಿದ್ದೆ. ಉತ್ತರ ಬರಲಿಲ್ಲ.

ಉನ್ಮಾದದ ಮೊದಲ ದಿನಗಳಲ್ಲಿ ಕೆಲವರಿಗೆ ಆಕಾಶ ಮೂರೇ ಗೇಣು ಎನಿಸುವುದುಂಟು, ನಿಜ. ಆ ದಿನಗಳಲ್ಲಿ ಮಾಡಿದ ಸಾಲ ತೀರಿಸುತ್ತಿರುವವರ ಬಾಯಲ್ಲಿ ನಾನು ಸ್ವಾತಂತ್ರ್ಯದ ಮಾತು ಕೇಳಿಲ್ಲ.

ಚಿತ್ರದ ಕೊನೆಗೆ ರೋಗಿಗಳು ದಂಗೆಯೇಳುತ್ತಾರೆ. ಕಳೆದ ಬಾರಿ ತರುಣರು ಅದಕ್ಕೆ ಚಪ್ಪಾಳೆ ತಟ್ಟಿದರು. ಗದ್ದಲ ಅಡಗಿದ ಮೇಲೆ ಹಿಂದಿನ ಸಾಲಿನಿಂದ ವಯಸ್ಸಾದ ತಾಯಿಯೊಬ್ಬರು ಎದ್ದರು. ಅವರ ಮಗ ಹನ್ನೆರಡು ವರ್ಷಗಳಿಂದ ನನ್ನ ಬಳಿ ಬರುತ್ತಿದ್ದಾನೆ.

‘ಇಷ್ಟೆಲ್ಲ ಗಲಾಟೆ ಆಯಿತಲ್ಲ ಡಾಕ್ಟರೇ, ಆ ರಾತ್ರಿ ಅವರಿಗೆ ಊಟ ಕೊಟ್ಟರೇ?’

ಸಿನಿಮಾ ಅಲ್ಲಿಗೇ ಮುಗಿಯುತ್ತದಮ್ಮ, ಎಂದೆ.